ವಸೀಲಾಳ ಮೀನಿನ ತಟ್ಟೆಗಳು

ಒಂದು ಪಾತ್ರೆಯಲ್ಲಿದ್ದದ್ದನ್ನು ಇನ್ನೊಂದಕ್ಕೆ ಸುರಿಯುವುದನ್ನು ಕಂಡರೆ ವಸೀಲಾಳಿಗೆ ಮೈ ಉರಿಯುತ್ತಿತ್ತು. ಅವಳ ಮನೆಯಲ್ಲಿ ಶೋರ್ಬಾ ಸಾರು ಬೆಂದ ಪಾತ್ರೆಯೇ, ಮಸಿ ಹಿಡಿದ ತಳದ ಸಮೇತ, ಊಟದ ಮೇಜಿಗೆ ಬಂದು ಕೂರುತ್ತಿತ್ತು. ಅತ್ತೆ ಬದುಕಿದ್ದಾಗ ಅದನ್ನು ನೋಡಿ ಮೂಗು ಮುರಿಯದ ದಿನವಿರಲಿಲ್ಲ.

“ತಟ್ಟೆ ಬೋಗುಣಿ ಏನೂ ಇಲ್ವೇನೇ ಈ ಮನೇಲಿ?”

“ಇವೆ ಅತ್ತೆ. ಅದಕ್ಕೆ ಸುರಿಯೋದ್ಯಾಕೆ, ಆಮೇಲೆ ಅದನ್ನ ತೊಳೆಯೋದ್ಯಾಕೆ? ಶೋರ್ಬಾ ಇಲ್ಲೇ ಇದೆ, ಸೌಟು ಇಲ್ಲೇ ಇದೆ, ನೀವೂ ಇಲ್ಲೇ ಇದೀರಿ.”

ಸೊಸೆ ಸೋಮಾರಿ ಎಂದೇ ಅತ್ತೆ ನಂಬಿಕೊಂಡು ಹೋದರು. ಪಾಪ, ಅವರಿಗೆ ಗೊತ್ತಿರಲಿಲ್ಲ, ಅದು ಸೊಸೆಯ ಕಸುಬಿನ ಚಟ.

ವಸೀಲಾ ನಾಬಲ್ ಊರಿನ ಕುಂಬಾರನ ಮಗಳು. ಅವಳಪ್ಪ ಬಿಳಿ ತಟ್ಟೆಯ ಮೇಲೆ ನೀಲಿ ಮೀನು ಬರೆಯುವುದರಲ್ಲಿ ಎತ್ತಿದ ಕೈ. ಹರೆಯದಲ್ಲಿ ಒಂದು ಮೀನು ಬರೆದ. ಅದು ಜನಕ್ಕೆ ಹಿಡಿಸಿತು. ಆಮೇಲೆ ಸಾಯುವ ತನಕ ಅದೇ ಮೀನನ್ನು ನಕಲು ಮಾಡುತ್ತಾ ಕೂತ. ಮಗಳಿಗೆ ನಕಲು ಎಂದರೆ ಆಗದಿರುವುದಕ್ಕೆ ಇದೂ ಒಂದು ಕಾರಣವಿದ್ದೀತು. ಆದರೆ ಮದುವೆಯಲ್ಲಿ ಅಪ್ಪ ಕೊಟ್ಟ ಒಂದು ಡಜನ್ ಮೀನಿನ ತಟ್ಟೆಗಳನ್ನು ಅವಳು ಕಣ್ಣಿಗೊತ್ತಿಕೊಂಡು ತಂದಿದ್ದಳು. ಅವನ್ನು ಬಿಟ್ಟು ಬೇರೆ ತಟ್ಟೆಯನ್ನು ಮನೆಗೆ ಸೇರಿಸಲಿಲ್ಲ. ತಟ್ಟೆ ಹೆಚ್ಚಾದರೆ ಸುರಿಯುವ ಆಸೆಯೂ ಹೆಚ್ಚಾಗುತ್ತದೆ ಎನ್ನುವುದು ಅವಳ ವಾದ.

ಅವಳ ಕಚೇರಿ ತೂನಿಸ್ ಪೇಟೆ ದಾಟಿ, ಅರಿಯಾನಾ ದಾಟಿ, ಗಝಾಲಾದಲ್ಲಿ. ಐದು ಜನರ ಗುಂಪು. ಟೆಲಿಫೋನ್ ಕಂಪನಿಗಳ ತಂತಿಗೆ ಕೂರಿಸುವ ಒಂದು ಕಾವಲು ಪೆಟ್ಟಿಗೆಗೆ ಪ್ರೋಗ್ರಾಂ ಬರೆಯುವುದು ಅವರ ಕೆಲಸ. ನಾವು ಫೋನಿನಲ್ಲಿ ಕಳಿಸುವ ಮಾತು, ಚಿತ್ರ, ಜಗಳ, ಮುದ್ದು ಎಲ್ಲವೂ ಚೂರುಚೂರಾಗಿ, ಪುಟ್ಟ ಪುಟ್ಟ ಪೊಟ್ಟಣಗಳಾಗಿ ತಂತಿಯಲ್ಲಿ ಹರಿಯುತ್ತವಲ್ಲ, ಅವುಗಳಲ್ಲಿ ಕೇಡಿನ ಪೊಟ್ಟಣ ಯಾವುದೆಂದು ಈ ಪೆಟ್ಟಿಗೆ ನೋಡಿ ಹೇಳಬೇಕು.

ಮೊದಮೊದಲು ಅದು ನೋಡುತ್ತಿದ್ದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ಪೊಟ್ಟಣ ಬಾಗಿಲಲ್ಲಿ ಬಂದು ಇಳಿಯುತ್ತಿತ್ತು. ಬಾಗಿಲು ಕಾಯುವ ಪ್ರೋಗ್ರಾಂ ಅದನ್ನು ನಕಲು ಮಾಡಿ ಒಳಗೆ ಕೊಡುತ್ತಿತ್ತು. ಒಳಗಿನದು ಇನ್ನೊಂದು ನಕಲು ಮಾಡಿ ತಪಾಸಣೆಗೆ ಕಳಿಸುತ್ತಿತ್ತು. ತಪಾಸಣೆಯಾದ ಮೇಲೆ ಆಚೆ ಕಳಿಸಲು ಮತ್ತೊಂದು ನಕಲು. ಒಂದೊಂದು ನಕಲಿಗೆ ಹಿಡಿಯುವ ಹೊತ್ತು ಏನೇನೂ ಅಲ್ಲ, ನಿಜ. ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲಕ್ಷಗಟ್ಟಲೆ ಪೊಟ್ಟಣ ಬಂದು ಬೀಳುವ ಜಾಗದಲ್ಲಿ ಆ ಏನೇನೂ ಅಲ್ಲದ್ದೇ ಲಕ್ಷಪಟ್ಟಾಗಿ ಬಂದು ಕುತ್ತಿಗೆ ಹಿಡಿಯುತ್ತದೆ. ಯಂತ್ರ ಯೋಚಿಸುವುದನ್ನು ಬಿಟ್ಟು ಹೊರುವುದರಲ್ಲೇ ಬಸವಳಿಯುತ್ತಿತ್ತು. ಹೊಸದಾಗಿ ಬಂದವು ಕೂರಲು ಜಾಗ ಸಿಗದೆ ಬಾಗಿಲಲ್ಲೇ ಉದುರಿ ಮಣ್ಣುಪಾಲಾಗುತ್ತಿದ್ದವು.

ವಸೀಲಾ ಇದನ್ನು ಬುಡಮೇಲು ಮಾಡಿದಳು. ಪೊಟ್ಟಣ ಎಲ್ಲಿ ಇಳಿಯಿತೋ ಅಲ್ಲೇ ಇರಲಿ. ಅದು ಕೂತ ಜಾಗದ ಗುರುತನ್ನಷ್ಟೇ ಕೈಯಿಂದ ಕೈಗೆ ದಾಟಿಸೋಣ. ನೋಡಬೇಕಾದವರು ಅಲ್ಲೇ ಬಂದು ನೋಡಲಿ. ಮೆಮೊರಿಯಲ್ಲಿ ಪೊಟ್ಟಣ ಕೂರುವ ಆ ಜಾಗಗಳಿಗೆ ಅವಳು ತಟ್ಟೆ ಎಂದು ಹೆಸರಿಟ್ಟಳು. ತಟ್ಟೆಗಳ ಲೆಕ್ಕ ಮೊದಲೇ ಗೊತ್ತು ಮಾಡಿದ್ದು, ಹೆಚ್ಚು ಮಾಡುವ ಹಾಗಿಲ್ಲ. ತಪಾಸಣೆಯ ಪ್ರೋಗ್ರಾಂ ನೋಡಿ ಮುಗಿಸಿ ತಟ್ಟೆ ವಾಪಸ್ ಕೊಟ್ಟರೆ ಅದರಲ್ಲೇ ಮುಂದಿನ ಪೊಟ್ಟಣ ಬಂದು ಕೂರುತ್ತದೆ. ಅಲ್ಲಿ ಇನ್ನೂ ಒಂದು ಓಡಾಟ ಉಳಿಸಲು ಅವಳೊಂದು ನಿಯಮ ಮಾಡಿದಳು. ತಪಾಸಣೆಯವನು ತಟ್ಟೆ ಕೊಡುವಾಗ ತನ್ನ ವರದಿಯನ್ನೂ ಅದರಲ್ಲೇ ಇಟ್ಟು ಕೊಡಬೇಕು. ಹೇಳುವಂಥದ್ದೇನೂ ಕಾಣದೆ ವರದಿ ಇಲ್ಲದಿದ್ದರೆ ತಟ್ಟೆಗಳನ್ನು ಜೋಡಿಸಿಟ್ಟುಕೊಂಡಿರಬೇಕು. ಒಂದು ವರದಿ ಸಿಕ್ಕಿದ ಕೂಡಲೇ ಅದನ್ನು ಮೇಲಿನ ತಟ್ಟೆಯಲ್ಲಿಟ್ಟು ಇಡೀ ಅಟ್ಟಿಯನ್ನು ಒಟ್ಟಿಗೆ ಕಳಿಸಬೇಕು. ಬಿಳಿ ಹಲಗೆಯ ಮೇಲೆ ಅವಳು ದೊಡ್ಡದಾಗಿ ಬರೆದಳು: ಖಾಲಿ ತಟ್ಟೆ ವಾಪಸ್ ಕಳಿಸಬಾರದು.

ಗುಂಪಿನ ಮುಖ್ಯಸ್ಥ ಶಾದ್ಲಿ, ಮರ್ಯಾದೆಯ ‘ಸಿ’ ಸೇರಿಸಿ ಎಲ್ಲರ ಬಾಯಲ್ಲೂ ಸಿ ಶಾದ್ಲಿ, ನಿವೃತ್ತಿಯ ಹೊಸ್ತಿಲಲ್ಲಿದ್ದ ಗಂಭೀರ ಮನುಷ್ಯ. ಹಲಗೆ ನೋಡಿ ತಲೆಯಾಡಿಸಿದರು. “ಇದರಲ್ಲಿ ಚರ್ಚೆ ಮಾಡೋಕೇನಿದೆ? ಸರಿಯಾಗೇ ಇದೆ.” ಉಳಿದವರೂ ತಲೆಯಾಡಿಸಿದರು. ತಮಾಷೆಗೆ ಹೆಸರಾದ ಅನೀಸ್ ಕೂಡ ಅಂದು ತುಟಿ ಎರಡು ಮಾಡಲಿಲ್ಲ.

ಪೆಟ್ಟಿಗೆ ಗಾಳಿಯಂತೆ ಓಡಿತು. ಕಡಲಾಚೆ, ಕಂಪನಿಯ ತಾಯಿ ಕಚೇರಿಯ ಲ್ಯಾಬಿನಲ್ಲಿ ಎಷ್ಟು ಸುರಿದರೂ ಒಂದು ಪೊಟ್ಟಣವೂ ಉದುರಲಿಲ್ಲ. ವಸೀಲಾ ಆ ವಾರವೆಲ್ಲ ಮೆಟ್ರೋದಲ್ಲಿ ಸೀಟು ಸಿಗದಿದ್ದರೂ ಯಾರ ಮೇಲೂ ರೇಗಲಿಲ್ಲ.

ಆಮೇಲೆ ರಂಜಾನ್ ಬಂತು. ಪೆಟ್ಟಿಗೆಯನ್ನು ತೂನಿಸ್‌ನ ಒಂದು ಟೆಲಿಫೋನ್ ಕೇಂದ್ರದಲ್ಲಿ, ನಿಜವಾದ ಜನರ ನಿಜವಾದ ಮಾತಿನ ನಡುವೆ ಪರೀಕ್ಷೆಗೆ ಕೂರಿಸಿದರು. ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಚೆನ್ನಾಗಿತ್ತು. ಸಂಜೆ ಉಪವಾಸ ಬಿಡಲು ಊರಿನ ಫಿರಂಗಿ ಹೊಡೆದು, ಆ ಹೊತ್ತು ದಾಟಿದ ಮೇಲೆ ಪೆಟ್ಟಿಗೆ ಕಿವುಡಾಯಿತು. ಒಂದು ಪೊಟ್ಟಣವನ್ನೂ ತೆಗೆದುಕೊಳ್ಳದೆ ಗರ ಬಡಿದಂತೆ ಕೂತಿತು. ಆರಿಸಿ ಮತ್ತೆ ಹಚ್ಚಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಓಡಿತು. ಮರುದಿನ ಸಂಜೆ ಮತ್ತೆ ಅದೇ ಕಥೆ, ಅದರ ಮರುದಿನವೂ.

“ಪೆಟ್ಟಿಗೇನೂ ಉಪವಾಸ ಹಿಡಿದಿದೆ ಕಣ್ರಿ,” ಎಂದ ಅನೀಸ್. “ಫಿರಂಗಿ ಹೊಡೆದ ತಕ್ಷಣ ಊಟಕ್ಕೆ ಎದ್ದು ಹೋಗುತ್ತೆ. ನಮ್ಮಷ್ಟು ಭಕ್ತಿ ಇಲ್ಲ ಅದಕ್ಕೆ, ತಿರುಗಿ ಕೆಲಸಕ್ಕೆ ಬರಲ್ಲ.”

ಯಾರೂ ನಗಲಿಲ್ಲ, ಏಕೆಂದರೆ ತಾಯಿ ಕಚೇರಿಯಿಂದ ಮಾತು ಬಂದಿತ್ತು. ಹಬ್ಬದೊಳಗೆ ಪೆಟ್ಟಿಗೆ ಕೇಂದ್ರದಲ್ಲಿ ಪಾಸಾದರೆ ಸರಿ. ಇಲ್ಲದಿದ್ದರೆ ಕೆಲಸವನ್ನು ಬೇರೆ ದೇಶದ ಗುಂಪಿಗೆ ಕೊಟ್ಟು ಗಝಾಲಾದ ಕಚೇರಿಗೆ ಬೀಗ. ಸಿ ಶಾದ್ಲಿಗೆ ಹೇಗೂ ವಯಸ್ಸಾಗಿತ್ತು, ಅನೀಸ್‌ಗೆ ಇನ್ನೂ ವಯಸ್ಸಿತ್ತು. ನಡುವಯಸ್ಸಿನ ವಸೀಲಾಳಿಗೆ ಬೇರೆಲ್ಲೂ ಜಾಗವಿರಲಿಲ್ಲ. ಅವಳು ಕಲಿತದ್ದು ಇದೊಂದೇ ವಿದ್ಯೆ, ತೂನಿಸ್‌ನಲ್ಲಿ ಅದನ್ನು ಕೇಳುವವರು ಇದೊಂದೇ ಕಚೇರಿಯವರು.

ಸಿ ಶಾದ್ಲಿ ಅವಳನ್ನು ಕರೆದು ಕೂರಿಸಿಕೊಂಡರು. ಉಪವಾಸದ ಬಾಯಿ, ಮಾತು ಒಣಗಿತ್ತು.

“ನೋಡಮ್ಮ ವಸೀಲಾ. ಹಳೇ ನಕಲುಗಳನ್ನ ವಾಪಸ್ ಹಾಕಿಬಿಡೋಣ. ನಿಧಾನ ಆಗುತ್ತೆ, ಆಗಲಿ. ಕಿವುಡಾಗೋದಂತೂ ತಪ್ಪುತ್ತೆ.”

“ನಿಧಾನ ಆದ್ರೆ ಊಟ ಆದ್ಮೇಲೆ ಏನು ಮಾಡ್ತೀರಿ ಸಿ ಶಾದ್ಲಿ? ಇಡೀ ದೇಶ ಒಟ್ಟಿಗೇ ಫೋನ್ ಎತ್ಕೊಳ್ಳುತ್ತೆ. ಧಾರಾವಾಹಿ, ಅಕ್ಕನ ಮನೆ, ತಂಗಿ ಮನೆ. ಅರ್ಧಕ್ಕರ್ಧ ಉದುರಿಹೋಗುತ್ತೆ.”

“ಅರ್ಧ ಆದ್ರೂ ಉಳಿಯುತ್ತಲ್ಲ.”

“ಅರ್ಧಕ್ಕೆ ಯಾರು ಪಾಸು ಮಾಡ್ತಾರೆ?”

ಅವರು ಕನ್ನಡಕ ತೆಗೆದು ಒರೆಸಿದರು. ಒಂದು ಸಂಜೆ ಹಳೆಯದನ್ನೇ ಹಾಕಿ ನೋಡಿದ್ದೂ ಆಯಿತು. ವಸೀಲಾ ಹೇಳಿದಂತೆಯೇ ಊಟದ ನಂತರದ ನೂಕುನುಗ್ಗಲಿನಲ್ಲಿ ಪೊಟ್ಟಣಗಳು ಒಣಗಿದ ಎಲೆಗಳಂತೆ ಉದುರಿದವು. ನಕಲು ಹಾಕಿದರೆ ನಿಧಾನಕ್ಕೆ ಸೋಲು, ತೆಗೆದರೆ ಕಿವುಡಾಗಿ ಸೋಲು. ತಾಯಿ ಕಚೇರಿಯವರನ್ನು ಕೇಳಿದರೆ ಅವರದು ಒಂದೇ ರಾಗ: ನಮ್ಮ ಲ್ಯಾಬಿನಲ್ಲಿ ಸರಿಯಾಗೇ ಓಡುತ್ತಿದೆ.

ಇನ್ನು ವಸೀಲಾಳ ಮನೆಯ ವಿಷಯ. ಅವಳು ಗಂಡ ನಾಸರ್ ಜೊತೆ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದಳು. ಸರಿಯಾಗಿ ಕೆಳಗಿನ ಮನೆ ಲೆಲ್ಲಾ ಬೇಯಾ ಅವರದು; ಲೆಲ್ಲಾ ಎಂದರೆ ಅಮ್ಮನವರು ಎಂಬ ಮರ್ಯಾದೆ. ಮದುವೆ ಬಟ್ಟೆಗೆ ಜರಿ ಹೊಲಿದು ಹೆಸರು ಮಾಡಿದವರು, ಈಗ ಒಬ್ಬಂಟಿ. ನಮ್ಮಲ್ಲಿ ಒಲೆಯ ಮೇಲೆ ಏನು ಬೆಂದರೂ ಅದರ ಪರಿಮಳ ಹೋದ ಮನೆಗೆ ಒಂದು ತಟ್ಟೆ ರುಚಿ ಹೋಗಲೇಬೇಕು. ರಂಜಾನ್‌ನಲ್ಲಂತೂ ಕೇಳುವುದೇ ಬೇಡ, ಫಿರಂಗಿಗೆ ಮೊದಲು ಮೆಟ್ಟಿಲ ತುಂಬ ಮುಚ್ಚಿದ ತಟ್ಟೆಗಳ ಮೆರವಣಿಗೆ. ವಸೀಲಾ ಆಫೀಸಿನಿಂದ ಬಂದು ಶೋರ್ಬಾಕ್ಕೆ ಇಟ್ಟು, ಮೊಟ್ಟೆ ತುಂಬಿದ ಬ್ರಿಕ್ ಕಡುಬು ಕರಿದು, ದಿನಕ್ಕೊಂದು ತಟ್ಟೆಯನ್ನು ಬೇಯಾ ಅವರ ಬಾಗಿಲಿಗೆ ಒಯ್ಯುತ್ತಿದ್ದಳು. ಬಾಗಿಲು ಒಂದು ಗೇಣು ತೆರೆಯುತ್ತಿತ್ತು, ಒಂದು ಕೈ ತಟ್ಟೆ ತೆಗೆದುಕೊಳ್ಳುತ್ತಿತ್ತು, ಒಳಗಿನಿಂದ ಒಂದು ಆಶೀರ್ವಾದ ಬರುತ್ತಿತ್ತು. ಅವಳು ಎರಡೆರಡು ಮೆಟ್ಟಿಲು ಹಾರಿ ಮೇಲೆ ಬರುತ್ತಿದ್ದಳು. ಹೋದ ವರ್ಷ ತಟ್ಟೆ ಮರುದಿನವೇ ಖರ್ಜೂರ ತುಂಬಿದ ಮಕ್ರೂದ್ ಸಿಹಿ ಹೊತ್ತು ವಾಪಸ್ಸಾಗುತ್ತಿತ್ತು. ಈ ವರ್ಷ ಬರುತ್ತಿರಲಿಲ್ಲ. ಪೆಟ್ಟಿಗೆಯ ತಲೆಬಿಸಿಯಲ್ಲಿ ವಸೀಲಾ ಗಮನಿಸಿರಲೂ ಇಲ್ಲ.

ಗಮನಿಸಿದವನು ನಾಸರ್. ಬಸ್ಸಿನ ಡ್ರೈವರ್ ಅವನು, ಸಾಮಾನ್ಯವಾಗಿ ಮನೆಯಲ್ಲಿ ಏನನ್ನೂ ಹುಡುಕುವವನಲ್ಲ. ಒಂದು ಸಂಜೆ ಫಿರಂಗಿ ಹೊಡೆದ ಮೇಲೆ ಖರ್ಜೂರ ಬಾಯಿಗೆ ಹಾಕಿಕೊಂಡು ಅಡುಗೆಮನೆಯ ಗೂಡಿನ ಮುಂದೆ ನಿಂತುಬಿಟ್ಟ.

“ವಸೀಲಾ, ತಟ್ಟೆ ಎಲ್ಲಿ?”

“ಅಲ್ಲೇ ಇದೆ ನೋಡು.”

“ಇಲ್ಲ. ಒಂದೂ ಇಲ್ಲ. ನಿನ್ನೆ ಎರಡಿತ್ತು.”

“ಒಂದು ಕೆಳಗೆ ಕೊಟ್ಟೆ... ಇವತ್ತು ಇನ್ನೊಂದು ಕೊಟ್ಟೆ.”

“ನನ್ನ ಮಾವ ಕೊಟ್ಟ ಮೀನೆಲ್ಲ ಈಜ್ಕೊಂಡು ಕೆಳಗಿನ ಮನೆ ಸೇರ್ಕೊಂಡ್ವು ಅನ್ನು,” ಎಂದು ನಾಸರ್ ಚಹಾದ ಲೋಟ ತೊಳೆದು ಅದಕ್ಕೇ ಶೋರ್ಬಾ ಬಗ್ಗಿಸಿಕೊಂಡ. “ನೀನು ಪಾತ್ರೆ ಹೆಚ್ಚಿಸ್ಬೇಡ, ನಾನು ಲೋಟದಲ್ಲೇ ಕುಡೀತೀನಿ.”

ವಸೀಲಾ ಕೆಳಗಿಳಿದು ಹೋಗಿ ಬಾಗಿಲು ತಟ್ಟಿದಳು. ಒಳಗೆ ಸದ್ದು ನಿಂತಿತು, ಬಾಗಿಲು ತೆರೆಯಲಿಲ್ಲ. ಮತ್ತೆ ತಟ್ಟಿದಳು. “ಲೆಲ್ಲಾ, ನಾನು ವಸೀಲಾ. ಏನೂ ತಂದಿಲ್ಲ, ಬರೀ ಕೈಲಿ ಬಂದಿದೀನಿ.” ಆಗ ಬಾಗಿಲು ತೆರೆಯಿತು.

ಬೇಯಾ ಅವರ ಬಲಗೈ ಬೆರಳಿನಿಂದ ಮೊಣಕೈ ತನಕ ಪ್ಲಾಸ್ಟರಿನಲ್ಲಿತ್ತು. ರಂಜಾನ್ ಶುರುವಾಗುವ ಮೊದಲೇ ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ಯಾರಿಗೂ ಹೇಳಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಮೀನಿನ ತಟ್ಟೆಗಳು ಒಂದರ ಮೇಲೊಂದು ಅಟ್ಟಿಯಾಗಿದ್ದವು. ಎಡಗೈಯಲ್ಲಿ ತೊಳೆದವಾದರೂ ಫಳಫಳ ಹೊಳೆಯುತ್ತಿದ್ದವು. ಮೇಲೆ ಕಸೂತಿಯ ಬಟ್ಟೆ ಮುಚ್ಚಿದ್ದರು.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ಲೆಲ್ಲಾ?”

“ಹೇಳಿದ್ರೆ ದಿನಾ ಎರಡು ತಟ್ಟೆ ತರ್ತಿದ್ದೆ ನೀನು,” ಎಂದರು ಮುದುಕಿ. “ಒಂದನ್ನೇ ತೀರಿಸೋಕೆ ಆಗ್ತಿಲ್ಲ ನಂಗೆ. ಈ ಕೈಲಿ ಹಿಟ್ಟು ನಾದೋಕೆ ಆಗಲ್ಲ, ಏನೂ ಆಗಲ್ಲ. ಖಾಲಿ ತಟ್ಟೆ ಹೇಗೆ ಕಳಿಸ್ಲಿ ಮಗಳೆ? ಹಬ್ಬಕ್ಕೆ ಪ್ಲಾಸ್ಟರ್ ಬಿಚ್ತಾರೆ. ಬಕ್ಲಾವಾ ಮಾಡಿ ಎಲ್ಲಾನೂ ಒಟ್ಟಿಗೇ ಕಳಿಸ್ತೀನಿ.” ಕಣ್ಣು ತಪ್ಪಿಸಿ ಸೇರಿಸಿದರು. “ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಸಂಜೆ ನಿನ್ನ ಹೆಜ್ಜೆ ಸದ್ದು ಕೇಳಿದ್ರೆ ಎದೆ ಹೊಡ್ಕೊಳ್ಳುತ್ತೆ. ಇನ್ನೊಂದು ತಟ್ಟೆ ಬಂತು ಅಂತ.”

ಮೊದಲು ವಸೀಲಾಳಿಗೆ ಆದದ್ದು ನಾಚಿಕೆ. ದಿನವೂ ಒಂದು ಗೇಣು ಬಾಗಿಲಿನಿಂದ ಒಂದೇ ಕೈ ಹೊರಗೆ ಬರುತ್ತಿತ್ತು, ಅದೂ ಎಡಗೈ. ಅದನ್ನು ನೋಡಿಯೂ ಅವಳು ನೋಡಿರಲಿಲ್ಲ. ಆಮೇಲೆ ಅವಳ ಕಣ್ಣು ಆ ಹೊಳೆಯುವ ಅಟ್ಟಿಯ ಮೇಲೆ ಬಿತ್ತು. ತೊಳೆದಾಗಿದೆ, ಒರೆಸಿಯಾಗಿದೆ, ಒಳಗೆ ಇಡಲು ಏನೂ ಇಲ್ಲದ್ದಕ್ಕೆ ಕೂತಿವೆ. ಇತ್ತ ಮೇಲಿನ ಮನೆಯಲ್ಲಿ ಗಂಡ ಲೋಟದಲ್ಲಿ ಶೋರ್ಬಾ ಕುಡಿಯುತ್ತಿದ್ದಾನೆ.

“ಫಿರಂಗಿ,” ಎಂದಳು ವಸೀಲಾ.

“ಏನಂದೆ?”

“ಫಿರಂಗಿ ಹೊಡೆದಾಗ ಎಲ್ಲರೂ ಊಟಕ್ಕೆ ಕೂರ್ತಾರೆ ಲೆಲ್ಲಾ. ಯಾರೂ ಫೋನ್ ಮುಟ್ಟಲ್ಲ. ವರದಿ ಮಾಡೋ ಅಂಥದ್ದು ಏನೂ ಇರಲ್ಲ.”

ಬೇಯಾ ಅವರು ಅವಳ ಹಣೆ ಮುಟ್ಟಿ ನೋಡಿದರು. ಉಪವಾಸ ತಲೆಗೇರಿದೆ ಎಂದುಕೊಂಡಿರಬೇಕು.

ಮರುದಿನ ಬೆಳಿಗ್ಗೆ ವಸೀಲಾ ಚೀಲ ಇಡುವ ಮೊದಲೇ ಹಲಗೆಯ ಹತ್ತಿರ ಹೋದಳು. ಸಂಜೆ ಊರು ಊಟಕ್ಕೆ ಕೂತಾಗ ತಂತಿಯಲ್ಲಿ ಬರುವುದೆಲ್ಲ ಯಂತ್ರಗಳು ಯಂತ್ರಗಳಿಗೆ ಹೇಳುವ ಕ್ಷೇಮಸಮಾಚಾರ. ತಪಾಸಣೆಯವನಿಗೆ ಅದರಲ್ಲಿ ವರದಿ ಮಾಡಲು ಏನೂ ಸಿಗುವುದಿಲ್ಲ. ಖಾಲಿ ಕಳಿಸಬಾರದೆಂದು ಅವನು ಸಭ್ಯನಾಗಿ ತಟ್ಟೆಯ ಮೇಲೆ ತಟ್ಟೆ ಜೋಡಿಸಿಟ್ಟುಕೊಂಡು ಕೂರುತ್ತಾನೆ. ಊಟವಾಗಿ ಜನ ಫೋನ್ ಎತ್ತಿಕೊಳ್ಳುವ ಹೊತ್ತಿಗೆ ಬಾಗಿಲಲ್ಲಿ ಒಂದು ತಟ್ಟೆಯೂ ಇಲ್ಲ. ತಟ್ಟೆಯಿಲ್ಲದೆ ಪೊಟ್ಟಣ ಇಳಿಯುವುದಿಲ್ಲ. ಪೊಟ್ಟಣವಿಲ್ಲದೆ ವರದಿ ಹುಟ್ಟುವುದಿಲ್ಲ. ವರದಿಯಿಲ್ಲದೆ ತಟ್ಟೆ ವಾಪಸ್ ಬರುವುದಿಲ್ಲ. ಇಷ್ಟು ಹೇಳಿ ಅವಳು ತಾನೇ ಬರೆದ ಸಾಲನ್ನು ಅಂಗೈಯಿಂದ ಅಳಿಸಿದಳು.

“ನೋಡಿ ಮುಗೀತಾ, ಖಾಲಿ ಇದ್ರೂ ಕಳಿಸಿಬಿಡ್ಬೇಕು. ನಾಲ್ಕು ಓಡಾಟ ಹೆಚ್ಚಾಗುತ್ತೆ, ಪರವಾಗಿಲ್ಲ. ನಕಲಿನ ಮುಂದೆ ಅದೇನೂ ಅಲ್ಲ.”

ಸಿ ಶಾದ್ಲಿ ಹಲಗೆಯ ಮೇಲೆ ಅಳಿಸಿದ ಜಾಗವನ್ನು ನೋಡಿದರು. ಲೆಕ್ಕ ಅವರಿಗೆ ಹೊಳೆದಿತ್ತು, ಆದರೂ ಮನಸ್ಸು ಒಪ್ಪಲಿಲ್ಲ. “ಖಾಲಿ ತಟ್ಟೆ ಕಳಿಸೋದಾ?” ಎಂದರು ಮೆಲ್ಲಗೆ. “ಒಂದು ಥರ ಅನ್ಸುತ್ತಮ್ಮ.”

“ಒಂದು ಖರ್ಜೂರ ಇಟ್ಟು ಕಳಿಸೋಣ ಬಿಡಿ,” ಎಂದ ಅನೀಸ್. ಈ ಸಲ ಎಲ್ಲರೂ ನಕ್ಕರು. ತಾಯಿ ಕಚೇರಿಯವರ ಲ್ಯಾಬಿನಲ್ಲಿ ಊಟದ ಹೊತ್ತೇ ಇರಲಿಲ್ಲ, ಹಾಗಾಗಿ ಅವರಿಗೆ ತೊಂದರೆ ಕಾಣಿಸಲಿಲ್ಲ. ನಮ್ಮವರಿಗೆ ಕಾಣಿಸದೆ ಹೋದದ್ದಕ್ಕೆ ಕಾರಣ ಬೇರೆ. ಆ ಐದು ಜನರನ್ನು ಹೆತ್ತ ಐದು ತಾಯಂದಿರೂ ಆ ಸಾಲನ್ನು ಅವರಿಗೆ ಹಲ್ಲು ಹುಟ್ಟುವ ಮೊದಲೇ ಕಲಿಸಿಬಿಟ್ಟಿದ್ದರು.

ಆ ಸಂಜೆ ಐವರೂ ಕೇಂದ್ರದಲ್ಲೇ ಉಪವಾಸ ಬಿಟ್ಟರು. ಖರ್ಜೂರದ ಪೊಟ್ಟಣ ಒಂದು, ಮಜ್ಜಿಗೆ ಒಂದು, ಅಷ್ಟೇ. ಫಿರಂಗಿ ಹೊಡೆಯಿತು. ಪರದೆಯ ಮೇಲಿನ ಗೆರೆ ಗುಡ್ಡದಿಂದ ಬಿದ್ದಂತೆ ಕೆಳಗಿಳಿಯಿತು. ಊರಿಗೆ ಊರೇ ಶೋರ್ಬಾದಲ್ಲಿ ತಲೆಯಿಟ್ಟಿತ್ತು. ತಟ್ಟೆಗಳು ಪೊಟ್ಟಣ ಹೊತ್ತು ಹೋಗಿ ಖಾಲಿ ಬರುತ್ತಿದ್ದವು. ಸಿ ಶಾದ್ಲಿ ಕೈಯಲ್ಲಿದ್ದ ಖರ್ಜೂರವನ್ನು ತಿನ್ನದೆ ಹಿಡಿದುಕೊಂಡೇ ಇದ್ದರು. ಆಮೇಲೆ ಗೆರೆ ಮೆಲ್ಲಗೆ ಅಲುಗಿತು, ಏರಿತು, ಒಮ್ಮೆಗೇ ಕಟ್ಟೆಯೊಡೆದಂತೆ ನುಗ್ಗಿತು. ಪೆಟ್ಟಿಗೆ ಕೇಳಿಸಿಕೊಳ್ಳುತ್ತಲೇ ಇತ್ತು. ಟೆಲಿಫೋನ್ ಕಂಪನಿಯ ಇಂಜಿನಿಯರ್ ಬಂದು ಉದುರಿದ್ದೆಷ್ಟು ಎಂದು ಎರಡೆರಡು ಸಲ ನೋಡಿ, “ಇದೇ ರೀತಿ ಹಬ್ಬದ ತನಕ ನಡೆದ್ರೆ ನನ್ನ ಕಡೆಯಿಂದ ಪಾಸು,” ಎಂದ. ನಡೆಯಿತು. ಗಝಾಲಾದ ಬಾಗಿಲಿಗೆ ಬೀಗ ಬೀಳಲಿಲ್ಲ.

ಕೇಂದ್ರದಲ್ಲಿ ಉಪವಾಸ ಬಿಟ್ಟ ಆ ಸಂಜೆಯೇ ಮೆಟ್ರೋದಲ್ಲಿ ಮನೆಗೆ ಬರುವಾಗ ವಸೀಲಾಳಿಗೆ ಖುಷಿಯ ಜೊತೆ ಏನೋ ಚುಚ್ಚುತ್ತಿತ್ತು. ಇರುವುದನ್ನು ಇದ್ದಲ್ಲೇ ಬಿಡಿ, ನೋಡುವವರು ಅಲ್ಲಿಗೇ ಬರಲಿ ಎಂದು ಆಫೀಸಿನಲ್ಲಿ ಗಂಟಲು ಹರಿದುಕೊಂಡವಳು ತಾನೇ. ಮನೆಯಲ್ಲಿ ಮಾತ್ರ ಶೋರ್ಬಾವನ್ನು ಬಗ್ಗಿಸಿ, ಮುಚ್ಚಿ, ಮೆಟ್ಟಿಲಿಳಿಸಿ ಒಂದು ಗೇಣು ಬಾಗಿಲಿನಲ್ಲಿ ತೂರಿಸಿ ಬರುತ್ತಿದ್ದಳು. ಅದು ಸುಲಭವಾಗಿತ್ತು. ಒಬ್ಬಂಟಿ ಮುದುಕಿಯನ್ನು ಕರೆದು ಕೂರಿಸಿಕೊಂಡರೆ ಮಾತಾಡಬೇಕು, ಕೇಳಿಸಿಕೊಳ್ಳಬೇಕು, ತಡವಾಗುತ್ತದೆ. ತಟ್ಟೆ ಕೊಟ್ಟರೆ ಅಲ್ಲಿಗೆ ಮುಗಿಯಿತು.

ಮರುದಿನ ಸಂಜೆ ಅವಳು ಬರಿಗೈಯಲ್ಲಿ ಕೆಳಗಿಳಿದಳು.

“ಲೆಲ್ಲಾ, ಇವತ್ತು ಏನೂ ತಂದಿಲ್ಲ. ನಿಮ್ಮನ್ನ ಕರ್ಕೊಂಡು ಹೋಗೋಕೆ ಬಂದೆ.”

“ಈ ಕೈಲಿ? ಎಡಗೈಲಿ ತಿಂದು ಮೇಜೆಲ್ಲ ಗಲೀಜು ಮಾಡ್ತೀನಿ. ನಾಸರ್ ಏನಂದ್ಕೋತಾನೆ?”

“ನಾಸರ್ ಈಗ ಲೋಟದಲ್ಲೇ ಶೋರ್ಬಾ ಕುಡಿಯೋದು. ಅವನಿಗೆ ಮಾತಾಡೋಕೆ ಬಾಯಿಲ್ಲ.”

ಬೇಯಾ ಅವರಿಗೆ ಕಸೂತಿ ಶಾಲು ಹೊದ್ದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ವಸೀಲಾ ಕಾದಳು. ಮೆಟ್ಟಿಲನ್ನು ಒಂದೊಂದಾಗಿ ಹತ್ತಿದರು, ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡರು. ಫಿರಂಗಿ ಹೊಡೆಯುವ ಹೊತ್ತಿಗೆ ಮೂವರೂ ಮೇಜಿನ ಸುತ್ತ ಇದ್ದರು. ನಾಸರ್ ಎದ್ದು ತನ್ನ ಕುರ್ಚಿಯ ದಿಂಬನ್ನು ಮುದುಕಿಯ ಬೆನ್ನಿಗೆ ಕೊಟ್ಟ. ವಸೀಲಾ ಒಲೆಯ ಮೇಲಿನ ಪಾತ್ರೆಯನ್ನು ಹಾಗೇ ಎತ್ತಿ ತಂದು ನಡುವೆ ಇಟ್ಟು, ಚಹಾದ ಲೋಟವೊಂದನ್ನು ಅವರ ಮುಂದೆ ಸರಿಸಿದಳು.

ಬೇಯಾ ಅವರು ಮಸಿ ಹಿಡಿದ ಪಾತ್ರೆ ನೋಡಿದರು, ಲೋಟ ನೋಡಿದರು.

“ತಟ್ಟೆ ಬೋಗುಣಿ ಏನೂ ಇಲ್ವೇನೇ ಈ ಮನೇಲಿ?”

“ಇವೆ ಲೆಲ್ಲಾ,” ಎಂದಳು ವಸೀಲಾ. “ಎಲ್ಲಾ ನಿಮ್ಮನೇಲಿವೆ.”

ಮುದುಕಿ ಎಡಗೈಯಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಲೋಟವನ್ನು ಮುಂದಕ್ಕೆ ಚಾಚಿದರು.